ಸೂಲಗಿತ್ತಿಯ ಕೈ, ಸರ್ಕಾರದ ಪುಸ್ತಕ: ಹೆರಿಗೆ ವೃತ್ತಿಯ ಪರವಾನಗಿ ಮತ್ತು ಅದರ ಸಾರ್ವಜನಿಕ ವೆಚ್ಚ

ವೈದ್ಯಕೀಯ ನೆರವಿನ ಹೊಸ ವೃತ್ತಿಯೊಂದಕ್ಕೆ ಪ್ರಭುತ್ವವು ಪರವಾನಗಿಯ ಮುದ್ರೆಯೊತ್ತಿದಾಗ ಅದರ ಖರ್ಚನ್ನು ಯಾರು ಭರಿಸುತ್ತಾರೆ? ಮೇಲ್ನೋಟಕ್ಕೆ ಈ ಪ್ರಶ್ನೆಗೆ ಉತ್ತರ ಸುಲಭ. ಪರೀಕ್ಷೆಗೆ ಕೂರುವವರು ಶುಲ್ಕ ಕಟ್ಟುತ್ತಾರೆ, ಆ ಶುಲ್ಕದಿಂದ ಪರಿಷತ್ತು ನಡೆಯುತ್ತದೆ, ಸರ್ಕಾರಕ್ಕೆ ಹೊರೆಯಿಲ್ಲ. ಪರವಾನಗಿಯ ಮಸೂದೆಗಳನ್ನು ಮಂಡಿಸಿದವರು ಬಹುತೇಕ ಎಲ್ಲ ದೇಶಗಳಲ್ಲಿಯೂ ಈ ಮಾತನ್ನೇ ಆಡಿದ್ದಾರೆ. ಆದರೆ ಹೆರಿಗೆ ಮಾಡಿಸುವ ವೃತ್ತಿಯ ಕಳೆದ ನೂರಿಪ್ಪತ್ತು ವರ್ಷಗಳ ಇತಿಹಾಸವನ್ನು ಗಮನಿಸಿದರೆ ಲೆಕ್ಕ ಬೇರೆಯೇ ಆಗಿ ಕಾಣುತ್ತದೆ. ಪರವಾನಗಿಯ ನಿಜವಾದ ವೆಚ್ಚ ಪರಿಷತ್ತಿನ ಕಚೇರಿಯಲ್ಲಿ ಹುಟ್ಟುವುದಿಲ್ಲ. ಪರವಾನಗಿ ಪಡೆದವಳು ತಲುಪದ ಊರಿನಲ್ಲಿ, ನಡುರಾತ್ರಿಯಲ್ಲಿ ಹುಟ್ಟುತ್ತದೆ. ಅದನ್ನು ಬೊಕ್ಕಸ ಕೊಡದಿದ್ದರೆ ಬಾಣಂತಿಯ ಮನೆ ಕೊಡುತ್ತದೆ.

ಇಂಗ್ಲೆಂಡಿನ 1902ರ ಕಾಯಿದೆ, ಮದರಾಸು ಪ್ರಾಂತದ 1926ರ ಕಾಯಿದೆ ಮತ್ತು ಸ್ವತಂತ್ರ ಭಾರತದಲ್ಲಿ ಹುಟ್ಟಿದ ಸಹಾಯಕ ದಾದಿ–ಸೂಲಗಿತ್ತಿಯ ಹುದ್ದೆ, ಈ ಮೂರು ಘಟ್ಟಗಳ ಮೂಲಕ ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಗಡಿಯಾಚೆಯ ಕನ್ನಡ ಸಮುದಾಯಗಳಿಗೆ ಈ ವಿಷಯದಲ್ಲಿ ವಿಶೇಷ ಸಂಬಂಧವೊಂದುಂಟು. ಕಾಸರಗೋಡು, ವಯನಾಡು, ನೀಲಗಿರಿ, ಹೊಸೂರು, ತಾಳವಾಡಿ, ಆದೋನಿ, ರಾಯದುರ್ಗ, ಮಡಕಶಿರ ಇವೆಲ್ಲವೂ ಒಂದು ಕಾಲದಲ್ಲಿ ಮದರಾಸು ಪ್ರಾಂತದ ಒಂದೇ ನೋಂದಣಿ ಪುಸ್ತಕದ ವ್ಯಾಪ್ತಿಯಲ್ಲಿದ್ದವು. ಆ ವ್ಯಾಪ್ತಿ ಹರಿದು ಹಂಚಿಹೋದ ಕಥೆಯೂ ಇದರೊಳಗೆ ಸೇರಿದೆ.

ಇಂಗ್ಲೆಂಡಿನ ಪಾಠ

ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಸೂಲಗಿತ್ತಿಯರ ವೃತ್ತಿಯನ್ನು ಕಾನೂನಿನ ಅಡಿಗೆ ತಂದದ್ದು 1902ರ ಕಾಯಿದೆ. ಅದರಂತೆ ಕೇಂದ್ರ ಸೂಲಗಿತ್ತಿ ಮಂಡಳಿಯೊಂದು ರಚಿತವಾಯಿತು. 1905ರ ಏಪ್ರಿಲ್ ತಿಂಗಳಿನಿಂದ ಪ್ರಮಾಣಪತ್ರವಿಲ್ಲದವಳು ತನ್ನನ್ನು ಆ ಹೆಸರಿನಿಂದ ಕರೆದುಕೊಳ್ಳುವಂತಿರಲಿಲ್ಲ. 1910ರ ಏಪ್ರಿಲ್ ತಿಂಗಳಿನಿಂದ, ವೈದ್ಯರ ನಿರ್ದೇಶನವಿಲ್ಲದೆ, ರೂಢಿಯಾಗಿ ಹಣಕ್ಕಾಗಿ ಹೆರಿಗೆ ಮಾಡಿಸುವುದೂ ಅವಳಿಗೆ ನಿಷಿದ್ಧವಾಯಿತು. ಹಳಬರನ್ನು ಒಮ್ಮೆಲೇ ಹೊರದೂಡದಿರುವಷ್ಟು ವಿವೇಕ ಕಾಯಿದೆ ರೂಪಿಸಿದವರಲ್ಲಿತ್ತು. ಕಾಯಿದೆಗೆ ಮುಂಚೆ ಕನಿಷ್ಠ ಒಂದು ವರ್ಷ ಪ್ರಾಮಾಣಿಕವಾಗಿ ವೃತ್ತಿ ನಡೆಸಿದ, ಸನ್ನಡತೆಯ ಪತ್ರವುಳ್ಳ ಹೆಂಗಸರು ಪರೀಕ್ಷೆಯಿಲ್ಲದೆಯೇ ಪುಸ್ತಕಕ್ಕೆ ಸೇರಬಹುದಿತ್ತು. ಮೊದಲ ಪಟ್ಟಿಯಲ್ಲಿ ಹೀಗೆ ಸೇರಿದವರೇ ಬಹುಸಂಖ್ಯಾತರು. ಅವರನ್ನು ಬಿಟ್ಟಿದ್ದರೆ ಬಡವರ ಕೇರಿಗಳಲ್ಲಿ ಹೆರಿಗೆಗೆ ಬರುವವರೇ ಇರುತ್ತಿರಲಿಲ್ಲ.

ಹಣದ ಏರ್ಪಾಡು ಹೇಗಿತ್ತು? ಪರೀಕ್ಷೆ ಮತ್ತು ಪ್ರಮಾಣಪತ್ರದ ಶುಲ್ಕ ಒಂದು ಗಿನಿಯನ್ನು ಮೀರುವಂತಿರಲಿಲ್ಲ. ಮಂಡಳಿಯ ಆದಾಯ ಸಾಲದಾದರೆ ಕೊರತೆಯನ್ನು ಕೌಂಟಿ ಮಂಡಳಿಗಳು ತಮ್ಮಲ್ಲಿರುವ ಸೂಲಗಿತ್ತಿಯರ ಸಂಖ್ಯೆಗೆ ಅನುಗುಣವಾಗಿ ತುಂಬಿಕೊಡಬೇಕಿತ್ತು. ಮೇಲ್ವಿಚಾರಣೆಯ ಹೊಣೆಯೂ ಆ ಮಂಡಳಿಗಳದೇ. ಅಂದರೆ ಖರ್ಚಿಲ್ಲದ ಸುಧಾರಣೆ ಎಂದು ಬಂದ ಕಾಯಿದೆ ಮೊದಲ ದಿನದಿಂದಲೇ ಸ್ಥಳೀಯ ತೆರಿಗೆದಾರನ ಬಾಗಿಲು ತಟ್ಟಿತ್ತು.

ಇದಕ್ಕಿಂತ ದೊಡ್ಡ ಸಮಸ್ಯೆ ಇನ್ನೊಂದಿತ್ತು. ಹೆರಿಗೆ ತೊಡಕಾದಾಗ ವೈದ್ಯರನ್ನು ಕರೆಯಿಸಲೇಬೇಕೆಂದು ಮಂಡಳಿಯ ನಿಯಮಗಳು ಸೂಲಗಿತ್ತಿಗೆ ವಿಧಿಸಿದ್ದವು. ಆದರೆ ಬಂದ ವೈದ್ಯರಿಗೆ ಸಂಭಾವನೆ ಕೊಡುವವರು ಯಾರೆಂಬುದನ್ನು 1902ರ ಕಾಯಿದೆ ಹೇಳಲಿಲ್ಲ. ಗಂಡನ ವಾರದ ಕೂಲಿಯೇ ಮನೆಗೆ ಸಾಲದಿರುವಲ್ಲಿ ವೈದ್ಯರ ಸಂಭಾವನೆ ದೊಡ್ಡ ಮೊತ್ತ. ಹಣ ಸಿಗುವ ಭರವಸೆಯಿಲ್ಲದೆ ವೈದ್ಯರು ಹಿಂಜರಿದರು. ಸಾಲದ ಭಯದಿಂದ ಮನೆಯವರು ಕರೆಯಿಸಲು ತಡಮಾಡಿದರು. ನಡುವೆ ಸಿಕ್ಕಿಕೊಂಡ ಸೂಲಗಿತ್ತಿ ನಿಯಮ ಮುರಿದರೆ ಹೆಸರು ಕಳೆದುಕೊಳ್ಳಬೇಕಿತ್ತು. ಹದಿನಾರು ವರ್ಷಗಳ ಅನಂತರ, 1918ರ ಕಾಯಿದೆಯಲ್ಲಿ ಈ ತೂತಿಗೆ ತೇಪೆ ಬಿತ್ತು. ಸೂಲಗಿತ್ತಿ ಕರೆಸಿದ ವೈದ್ಯರಿಗೆ ಸ್ಥಳೀಯ ಮೇಲ್ವಿಚಾರಣಾ ಮಂಡಳಿಯೇ ಹಣ ಕೊಡತಕ್ಕದ್ದು, ಬಳಿಕ ಶಕ್ತಿಯುಳ್ಳ ಕುಟುಂಬದಿಂದ ವಸೂಲು ಮಾಡಿಕೊಳ್ಳಬಹುದು ಎಂದಾಯಿತು.

ಕೊನೆಗೆ 1936ರ ಕಾಯಿದೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಮನೆಮನೆಗೆ ಹೋಗಿ ಹೆರಿಗೆ ಮಾಡಿಸಲು ಸಂಬಳದ ಸೂಲಗಿತ್ತಿಯರು ಸಾಕಷ್ಟು ಇರುವಂತೆ ನೋಡಿಕೊಳ್ಳುವುದು ಸ್ಥಳೀಯ ಮಂಡಳಿಗಳ ಕರ್ತವ್ಯವಾಯಿತು. ವಯಸ್ಸಾಗಿ ಅಥವಾ ಇಚ್ಛೆಯಿಂದ ಪ್ರಮಾಣಪತ್ರ ಹಿಂದಿರುಗಿಸಿದವರಿಗೆ ಪರಿಹಾರ ಧನವೂ ದೊರೆಯಿತು. ಪರವಾನಗಿ ಎಂದರೆ ಬರಿಯ ನಿಷೇಧವಲ್ಲ, ಅದರ ಬೆನ್ನಿಗೆ ಸಂಬಳವೂ ಇರಬೇಕು ಎಂಬುದನ್ನು ಒಪ್ಪಲು ಸಂಪನ್ನ ದೇಶವೊಂದಕ್ಕೆ ಮೂವತ್ತನಾಲ್ಕು ವರ್ಷಗಳು ಹಿಡಿದವು.

ಇಲ್ಲಿ ಮತ್ತೊಂದು ಸಂಗತಿಯನ್ನು ಮರೆಮಾಚಬಾರದು. ಈ ಮೂವತ್ತನಾಲ್ಕು ವರ್ಷಗಳಲ್ಲಿ ಇಂಗ್ಲೆಂಡಿನ ತಾಯಂದಿರ ಮರಣ ಪ್ರಮಾಣ ಗಣನೀಯವಾಗಿ ಇಳಿಯಲಿಲ್ಲ. ಸಾವಿರ ಹೆರಿಗೆಗೆ ಸುಮಾರು ನಾಲ್ಕು ಸಾವುಗಳೆಂಬ ಮಟ್ಟದಲ್ಲಿಯೇ ಅದು 1930ರ ದಶಕದ ನಡುವಿನವರೆಗೂ ನಿಂತಿತ್ತು. ಬಾಣಂತಿ ಜ್ವರಕ್ಕೆ ಸಲ್ಫಾ ಔಷಧಿಗಳು ಬಂದ ಮೇಲೆ ಇಳಿತ ತೀವ್ರವಾಯಿತು. ಇದರಿಂದ ಪರವಾನಗಿ ವ್ಯರ್ಥವೆಂದು ಸಾಧಿಸಿದಂತಾಗುವುದಿಲ್ಲ. ಪುಸ್ತಕದಲ್ಲಿ ಹೆಸರು ಬರೆದ ಮಾತ್ರಕ್ಕೆ ಜೀವ ಉಳಿಯುವುದಿಲ್ಲ, ಆ ಹೆಸರಿನ ಹಿಂದೆ ಔಷಧಿ, ವೈದ್ಯ, ಸಾರಿಗೆ, ಸಂಬಳ ಇವೆಲ್ಲ ಇರಬೇಕು ಎಂಬುದಷ್ಟೇ ಇದರ ತಾತ್ಪರ್ಯ.

ಮದರಾಸಿನ ಪುಸ್ತಕ

ಇದೇ ಚಿಂತನೆ ಸಮುದ್ರ ದಾಟಿ ಬಂದಾಗ ಇಲ್ಲಿನ ನೆಲ ಬೇರೆಯಾಗಿತ್ತು. ಮದರಾಸು ನಗರದಲ್ಲಿ ಹೆರಿಗೆ ಆಸ್ಪತ್ರೆ 1844ರಷ್ಟು ಹಿಂದೆಯೇ ಆರಂಭವಾಗಿತ್ತು. ಭಾರತದ ಹೆಂಗಸರಿಗೆ ವೈದ್ಯಕೀಯ ನೆರವು ಒದಗಿಸಲು 1885ರಲ್ಲಿ ಡಫರಿನ್ ನಿಧಿ ಹುಟ್ಟಿತು. ದಾಯಿಗಳ ತರಬೇತಿಗೆಂದೇ 1903ರಲ್ಲಿ ಲೇಡಿ ಕರ್ಜನ್ ಅವರ ಮುಂದಾಳುತನದಲ್ಲಿ ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿ ಸ್ಥಾಪನೆಯಾಯಿತು. ಆ ನಿಧಿಯ ಹೆಸರಿನಲ್ಲಿಯೇ ಒಂದು ಪಾಠ ಅಡಗಿದೆ. ದಿನದ ದುಡಿಮೆಯನ್ನು ಬಿಟ್ಟು ಪಾಠ ಕೇಳಲು ಬರುವ ಬಡ ಹೆಂಗಸಿಗೆ ಮೊದಲು ಹೊಟ್ಟೆಗೆ ಕೊಡಬೇಕು. ತರಬೇತಿ ಎಂಬುದು ಕೊಡುವವರಿಗೆ ಧರ್ಮವಾದರೂ ಪಡೆಯುವವರಿಗೆ ಅದು ಕೂಲಿ ತಪ್ಪಿದ ದಿನ.

ನಮ್ಮ ಹಳ್ಳಿಗಳಲ್ಲಿ ಸೂಲಗಿತ್ತಿಗೆ ಸಲ್ಲುತ್ತಿದ್ದದ್ದು ಹೆಚ್ಚಾಗಿ ಅಕ್ಕಿ ಅಥವಾ ರಾಗಿ, ಎಲೆ ಅಡಿಕೆ, ಸೀರೆ ಕುಪ್ಪಸ. ಕೆಲವೆಡೆ ಸುಗ್ಗಿಯಲ್ಲಿ ಒಂದು ಪಾಲು. ಹೊಕ್ಕುಳಬಳ್ಳಿ ಕತ್ತರಿಸುವುದರೊಂದಿಗೆ ಅವಳ ಕೆಲಸ ಮುಗಿಯುತ್ತಿರಲಿಲ್ಲ. ಮಾಸನ್ನು ಹುಗಿಯುವುದು, ಕೂಸಿಗೂ ತಾಯಿಗೂ ಎಣ್ಣೆ ನೀರು ಎರೆಯುವುದು, ಬಟ್ಟೆ ಒಗೆಯುವುದು, ಪಥ್ಯ ಹೇಳುವುದು ಇವೆಲ್ಲವೂ ಸೇರಿ ಬಾಣಂತನವಾಗುತ್ತಿತ್ತು. ಸೂಲಗಿತ್ತಿಯ ಮುಂದೆ ಬಸಿರು ಮುಚ್ಚಿಟ್ಟಂತೆ ಎಂಬ ಗಾದೆ ಅವಳ ಅರಿವಿಗೆ ಊರು ಕೊಟ್ಟ ಮನ್ನಣೆಯನ್ನು ತೋರಿಸುತ್ತದೆ. ಜಾತಿಯ ಏಣಿಯಲ್ಲಿ ಅವಳು ನಿಂತ ಮೆಟ್ಟಿಲು ಆ ಮನ್ನಣೆಗೆ ತಕ್ಕುದಾಗಿರಲಿಲ್ಲವೆಂಬುದೂ ನಿಜ. ಅವಳ ಕೈಯಲ್ಲಿ ಧನುರ್ವಾಯು, ಬಾಣಂತಿ ಜ್ವರಗಳು ದಾಟಿಬಂದದ್ದೂ ನಿಜ. ಹಳೆಯದೆಲ್ಲ ಹೊನ್ನೆಂದು ಬಣ್ಣಿಸುವ ಅಗತ್ಯ ಇತಿಹಾಸಕ್ಕಿಲ್ಲ.

ದಾದಿಯರ ಮತ್ತು ಸೂಲಗಿತ್ತಿಯರ ನೋಂದಣಿಗಾಗಿ ಮದರಾಸು ಶಾಸನಸಭೆಯ ಕಾಯಿದೆ 1926ರಲ್ಲಿ ಜಾರಿಗೆ ಬಂದಿತು. ಆಗ ಪ್ರಾಂತದ ಗವರ್ನರರಾಗಿದ್ದವರು ವೈಕೌಂಟ್ ಗೋಷನ್. ಅವರ ಪತ್ನಿಯ ಹೆಸರನ್ನು ಮಂಗಳೂರಿನ ಲೇಡಿ ಗೋಷನ್ ಆಸ್ಪತ್ರೆ ಇಂದಿಗೂ ಹೊತ್ತಿದೆ. ಮುಂಬಯಿ ಪ್ರಾಂತದಲ್ಲಿ ಇದಕ್ಕೆ ಸಮನಾದ ಕಾಯಿದೆ 1935ರಲ್ಲಿ ಬಂದು ಸೊಲ್ಲಾಪುರದಂಥ ಜಿಲ್ಲೆಗಳಿಗೆ ಅನ್ವಯಿಸಿತು. ಅಕ್ಕಲಕೋಟೆ ಮತ್ತು ಜತ್ತ ಸಂಸ್ಥಾನಗಳಾಗಿದ್ದುದರಿಂದ ಬ್ರಿಟಿಷ್ ಪ್ರಾಂತದ ಕಾಯಿದೆಯ ನೇರ ವ್ಯಾಪ್ತಿಯಿಂದ ಹೊರಗಿದ್ದವು.

ಮದರಾಸಿನ ಪುಸ್ತಕ ತೆರೆಯಿತು, ಆದರೆ ಅದರಲ್ಲಿ ಹೆಸರು ಬರೆಸಬಲ್ಲವರು ಎಷ್ಟು ಮಂದಿ? ಭೋರ್ ಸಮಿತಿ 1946ರಲ್ಲಿ ಸಲ್ಲಿಸಿದ ವರದಿ ಇದಕ್ಕೆ ಉತ್ತರ ಕೊಡುತ್ತದೆ. ಆ ಸಮಿತಿಯ ಲೆಕ್ಕದಂತೆ ಅವಿಭಜಿತ ಬ್ರಿಟಿಷ್ ಭಾರತದಲ್ಲಿ ಇದ್ದ ತರಬೇತಾದ ಸೂಲಗಿತ್ತಿಯರು ಸುಮಾರು 5,000. ದಾದಿಯರು ಸುಮಾರು 7,000. ಅರವತ್ತು ಸಾವಿರ ಜನಕ್ಕೆ ಒಬ್ಬ ಸೂಲಗಿತ್ತಿಯೆಂಬ ಪ್ರಮಾಣ. ಅದೇ ಹೊತ್ತಿನಲ್ಲಿ ಬ್ರಿಟನ್ನಿನಲ್ಲಿ 618 ಜನಕ್ಕೆ ಒಬ್ಬಳಿದ್ದಳು. ವರ್ಷವೊಂದಕ್ಕೆ ಸುಮಾರು ಎರಡು ಲಕ್ಷ ತಾಯಂದಿರು ಹೆರಿಗೆಯ ಕಾರಣದಿಂದ ಸಾಯುತ್ತಿದ್ದಾರೆಂದು ಸಮಿತಿ ಅಂದಾಜಿಸಿತು. ಕಾಯಿದೆಯ ಮಾದರಿ ಬ್ರಿಟನ್ನಿನದು, ಅದರ ಹಿಂದಿನ ಬೊಕ್ಕಸ ಮಾತ್ರ ಬ್ರಿಟನ್ನಿನದಾಗಿರಲಿಲ್ಲ. ಆದಕಾರಣ ಇಂಗ್ಲೆಂಡಿನಲ್ಲಿ ಹಂತಹಂತವಾಗಿ ಸಾರ್ವಜನಿಕ ಲೆಕ್ಕಕ್ಕೆ ಸರಿದ ವೆಚ್ಚ ಇಲ್ಲಿ ಬಹುಮಟ್ಟಿಗೆ ಗುಡಿಸಲಿನ ಲೆಕ್ಕದಲ್ಲಿಯೇ ಉಳಿಯಿತು. ಪರವಾನಗಿಯಿಲ್ಲದ ಸೂಲಗಿತ್ತಿಯೇ ಬಹುಪಾಲು ಹೆರಿಗೆಗಳನ್ನು ಮಾಡಿಸುತ್ತಿದ್ದಳು. ಸರ್ಕಾರದ ದೃಷ್ಟಿಯಲ್ಲಿ ಅವಳು ಇರಲೂ ಇಲ್ಲ, ಇಲ್ಲದೆಯೂ ಇರಲಿಲ್ಲ. ಇನ್ನು ಕೆಲವು ಕಾಲ ಅವಳಿಲ್ಲದೆ ನಡೆಯದೆಂದು ಒಪ್ಪಿದ ಭೋರ್ ಸಮಿತಿ, ಅವಳಿಗೆ ತರಬೇತಿ ಕೊಟ್ಟು ಬಳಸಿಕೊಳ್ಳಬೇಕೆಂದು ಸೂಚಿಸಿತು.

ಮೆಟ್ಟಿಲನ್ನು ಎತ್ತರಿಸುವ ಬೆಲೆ

ಅದೇ ವರದಿ ವೈದ್ಯರ ವಿಷಯದಲ್ಲಿ ಬೇರೊಂದು ನಿರ್ಧಾರಕ್ಕೆ ಬಂದಿತ್ತು. ಆಗ ದೇಶದಲ್ಲಿದ್ದ ಸುಮಾರು 47,500 ವೈದ್ಯರಲ್ಲಿ 29,870 ಮಂದಿ ಪದವೀಧರರಲ್ಲ, ಲೈಸೆನ್ಷಿಯೇಟ್‌ಗಳು. ಕಡಿಮೆ ಅವಧಿಯ, ಕಡಿಮೆ ಖರ್ಚಿನ ಶಿಕ್ಷಣ ಪಡೆದವರು. ಇನ್ನು ಮುಂದೆ ಒಂದೇ ಮಟ್ಟದ ವೈದ್ಯ ಸಾಕೆಂದು ಸಮಿತಿಯ ಬಹುಮತ ಹೇಳಿತು. ಸಮಿತಿಯೊಳಗೇ ಇದಕ್ಕೆ ಭಿನ್ನಮತವಿತ್ತು. ಬಹುಮತದ ಮಾತು ನಡೆಯಿತು. ಪರವಾನಗಿಯ ಮೆಟ್ಟಿಲು ಎತ್ತರವಾದಂತೆ ವೃತ್ತಿಯ ಘನತೆ ಹೆಚ್ಚಿತು, ಆದರೆ ಆ ಮೆಟ್ಟಿಲಿನಿಂದ ಹಳ್ಳಿಗೆ ಇಳಿದುಬರುವವರು ಕಡಿಮೆಯಾದರು. ತೆರವಾದ ಜಾಗವನ್ನು ತುಂಬಲು ಕೆಲವೇ ವರ್ಷಗಳಲ್ಲಿ ಇನ್ನೊಂದು ಕೆಳಮೆಟ್ಟಿಲಿನ ವೃತ್ತಿಯನ್ನು ಕಟ್ಟಬೇಕಾಯಿತು.

ಅದೇ ಸಹಾಯಕ ದಾದಿ–ಸೂಲಗಿತ್ತಿಯ ಹುದ್ದೆ. ಜನರ ಬಾಯಲ್ಲಿ ಎ.ಎನ್.ಎಂ. ಅಥವಾ ಬರಿಯ ನರ್ಸಮ್ಮ. ಭಾರತೀಯ ದಾದಿಯರ ಪರಿಷತ್ತಿನ ಕಾಯಿದೆ 1947ರಲ್ಲಿ ಬಂದ ಮೇಲೆ 1951ರಲ್ಲಿ ಪಂಜಾಬಿನ ತರನ್ ತಾರನ್‌ನಲ್ಲಿ ಈ ತರಬೇತಿ ಆರಂಭವಾಯಿತು. ಇಲ್ಲಿ ವೆಚ್ಚವನ್ನು ಸರ್ಕಾರ ನೇರವಾಗಿ ಹೊತ್ತುಕೊಂಡಿತು. ಅವಳು ಶುಲ್ಕಕ್ಕೆ ದುಡಿಯುವ ಸ್ವತಂತ್ರ ವೃತ್ತಿನಿರತಳಲ್ಲ, ಸಂಬಳದ ನೌಕರಳು. ಇದು ದೊಡ್ಡ ಗಳಿಕೆ. ಆದರೆ ಸಂಬಳ ಕೊಡುವವರು ಕೆಲಸವನ್ನೂ ನಿರ್ಧರಿಸಿದರು. 1973ರ ಕರ್ತಾರ್ ಸಿಂಗ್ ಸಮಿತಿ ಅವಳನ್ನು ವಿವಿಧೋದ್ದೇಶ ಆರೋಗ್ಯ ಕಾರ್ಯಕರ್ತೆಯನ್ನಾಗಿಸಬೇಕೆಂದು ಶಿಫಾರಸು ಮಾಡಿತು. ಕುಟುಂಬ ಯೋಜನೆಯ ಗುರಿ, ಲಸಿಕೆ, ಮಲೇರಿಯಾ, ದಾಖಲೆ ಪುಸ್ತಕಗಳು ಒಂದೊಂದಾಗಿ ಹೆಗಲೇರಿದವು. ಹೆರಿಗೆಗೆಂದು ಪರವಾನಗಿ ಪಡೆದವಳಿಗೆ ಹೆರಿಗೆ ಮಾಡಿಸಲು ಹೊತ್ತು ಸಿಗದಾಯಿತು. ಸಾರ್ವಜನಿಕ ಹಣ ಖರ್ಚಾಯಿತು, ಆದರೆ ಯಾವ ಕೌಶಲಕ್ಕಾಗಿ ಖರ್ಚಾಯಿತೋ ಆ ಕೌಶಲ ಕೈಯಿಂದ ಜಾರಿತು.

ಹರಿದು ಹಂಚಿದ ಪುಸ್ತಕ

ಗಡಿನಾಡಿನ ಮಟ್ಟಿಗೆ ಈ ಇತಿಹಾಸದೊಳಗೆ ಮತ್ತೊಂದು ಇತಿಹಾಸ ಹೆಣೆದುಕೊಂಡಿದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ಕೇರಳಕ್ಕೆ ಹೋಯಿತು. ಹೊಸೂರು, ತಾಳವಾಡಿ, ನೀಲಗಿರಿಗಳು ಮದರಾಸು ರಾಜ್ಯದಲ್ಲಿಯೇ ಉಳಿದವು. ಭೂಮಿಯ ದಾಖಲೆ, ಶಾಲೆಯ ಪಠ್ಯ, ನ್ಯಾಯಾಲಯದ ಭಾಷೆ ಬದಲಾದುದನ್ನು ನಾವು ಸಾಕಷ್ಟು ಚರ್ಚಿಸಿದ್ದೇವೆ. ವೃತ್ತಿಗಳ ನೋಂದಣಿಯೂ ಹಾಗೆಯೇ ಬದಲಾದುದನ್ನು ಗಮನಿಸಿದ್ದು ಕಡಿಮೆ. ತಿರುವಾಂಕೂರು–ಕೊಚ್ಚಿಯ 1953ರ ಕಾಯಿದೆ ಕೇರಳದ ನೋಂದಣಿಗೆ ಆಧಾರವಾಯಿತು. ಮೈಸೂರು ರಾಜ್ಯ 1961ರಲ್ಲಿ, ಮಹಾರಾಷ್ಟ್ರ 1966ರಲ್ಲಿ ತಮ್ಮವೇ ಕಾಯಿದೆಗಳನ್ನು ಮಾಡಿಕೊಂಡವು. ಮದರಾಸಿನ 1926ರ ಕಾಯಿದೆ ತಮಿಳುನಾಡಿನಲ್ಲಿ ಮುಂದುವರಿಯಿತು.

ಇದರ ಪರಿಣಾಮ ಸರಳವಾದುದು, ಆದರೆ ಬಾಳಿಗೆ ತಾಗುವಂಥದು. 1926ರ ಏರ್ಪಾಡಿನಲ್ಲಿ ಮಂಗಳೂರಿನಲ್ಲಿ ಕಲಿತವಳು ಮಂಜೇಶ್ವರದಲ್ಲಾಗಲಿ ಕುಂಬಳೆಯಲ್ಲಾಗಲಿ ಕೆಲಸ ಮಾಡಲು ಮತ್ತೊಂದು ಪುಸ್ತಕದಲ್ಲಿ ಹೆಸರು ಬರೆಸಬೇಕಿರಲಿಲ್ಲ. ರಾಜ್ಯಗಳ ಪುನರ್ವಿಂಗಡಣೆಯ ಅನಂತರ ಒಂದು ಪರಿಷತ್ತಿನಿಂದ ನಿರಾಕ್ಷೇಪಣಾ ಪತ್ರ ಪಡೆದು ಇನ್ನೊಂದರಲ್ಲಿ ನೋಂದಾಯಿಸಿಕೊಳ್ಳಬೇಕು. ಶುಲ್ಕ, ಓಡಾಟ, ಕಾಯುವ ತಿಂಗಳುಗಳು ಅವಳ ಪಾಲಿಗೆ. ಹೆರಿಗೆಗೆ ಹೋಗುವ ಹೆಣ್ಣುಮಕ್ಕಳ ದಾರಿ ಮಾತ್ರ ಬದಲಾಗಲಿಲ್ಲ; ಕಾಸರಗೋಡಿನ ಉತ್ತರ ಭಾಗದವರಿಗೆ ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ ಹೋಗುವುದು ಇಂದಿಗೂ ರೂಢಿ. 2020ರ ಮಾರ್ಚ್ ತಿಂಗಳಿನಲ್ಲಿ ಸಾಂಕ್ರಾಮಿಕದ ಹೆಸರಿನಲ್ಲಿ ಆ ಗಡಿ ಮುಚ್ಚಿದಾಗ, ಪ್ರಕರಣ ಕೇರಳದ ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಬೇಕಾಯಿತು. ರೋಗಿಯ ದಾರಿಯೂ ಪರವಾನಗಿಯ ಗಡಿಯೂ ಒಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ನಿಷ್ಠುರವಾದ ಸಾಕ್ಷಿ ಬೇಕಿಲ್ಲ.

ಭಾಷೆಯ ಪ್ರಶ್ನೆ ಇದಕ್ಕೆ ಅಂಟಿಕೊಂಡೇ ಇದೆ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ 1956ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಜ್ಞಾಪನಪತ್ರ ಶಿಕ್ಷಣದ ಬಗ್ಗೆ, ರಾಜ್ಯ ಸೇವೆಗಳ ನೇಮಕಾತಿ ಪರೀಕ್ಷೆಯ ಭಾಷೆಯ ಬಗ್ಗೆ ಮಾತನಾಡಿತು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಅವಕಾಶ ಕೊಟ್ಟಿತು. ಪತ್ರ ವ್ಯವಹಾರಕ್ಕೆ ದೊರೆತ ಈ ರಕ್ಷಣೆ ಹೆರಿಗೆಯ ಕೋಣೆಯನ್ನು ಮುಟ್ಟುವುದಿಲ್ಲ. ನೋವಿನ ನಡುವೆ ಹೆಣ್ಣೊಬ್ಬಳು ಆಡುವ ಮಾತು ಅರ್ಜಿಯ ಭಾಷೆಯಲ್ಲಿರುವುದಿಲ್ಲ. ನೆತ್ತರು ಎಷ್ಟು ಹೋಯಿತು, ಯಾವಾಗ ನೀರು ಒಡೆಯಿತು, ಕಣ್ಣು ಮಂಜಾಗುತ್ತಿದೆಯೇ ಎಂಬ ಪ್ರಶ್ನೆಗಳಿಗೆ ಅವಳು ಮನೆಮಾತಿನಲ್ಲಿಯೇ ಉತ್ತರಿಸುತ್ತಾಳೆ. ಪರವಾನಗಿ ಕೌಶಲಕ್ಕೆ ಸಾಕ್ಷಿ ಹೇಳುತ್ತದೆ, ಮಾತಿಗೆ ಹೇಳುವುದಿಲ್ಲ. ಹಳೆಯ ಸೂಲಗಿತ್ತಿಯಲ್ಲಿ ಕೌಶಲ ಕೊರತೆಯಾಗಿದ್ದಿರಬಹುದು, ಮಾತು ಎಂದೂ ಕೊರತೆಯಾಗಿರಲಿಲ್ಲ. 2005ರ ಅನಂತರ ಬಂದ ಆಶಾ ಕಾರ್ಯಕರ್ತೆ ಅದೇ ಊರಿನವಳಾಗಿರಬೇಕೆಂಬ ನಿಯಮದಿಂದ ಈ ಕೊರತೆ ಒಂದಷ್ಟು ತುಂಬಿತು. ಆದರೆ ಅವಳಿಗೆ ಪರವಾನಗಿಯೂ ಇಲ್ಲ, ಸಂಬಳವೆಂಬ ಹೆಸರೂ ಇಲ್ಲ, ಪ್ರೋತ್ಸಾಹಧನವೇ ಗತಿ.

ಗಡಿಯಾಚೆಯ ಲೆಕ್ಕ

ಇಷ್ಟು ಹೇಳಿದ ಮೇಲೆ ನಮ್ಮ ವಾದಕ್ಕೆ ಎದುರಾಗುವ ಅಂಕಿಗಳನ್ನೂ ಮುಂದಿಡಬೇಕು. ಮಾದರಿ ನೋಂದಣಿ ಸಮೀಕ್ಷೆಯಂತೆ 2018–20ರ ಅವಧಿಯಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಸತ್ತ ತಾಯಂದಿರು ಭಾರತದಲ್ಲಿ 97. 2004–06ರಲ್ಲಿ ಇದು 254 ಇತ್ತು. ರಾಜ್ಯವಾರು ನೋಡಿದರೆ ಕೇರಳ 19, ಮಹಾರಾಷ್ಟ್ರ 33, ತೆಲಂಗಾಣ 43, ಆಂಧ್ರಪ್ರದೇಶ 45, ತಮಿಳುನಾಡು 54, ಕರ್ನಾಟಕ 69. ಕನ್ನಡಿಗರು ಅಲ್ಪಸಂಖ್ಯಾತರಾಗಿರುವ ಈ ಐದು ರಾಜ್ಯಗಳೂ ಕನ್ನಡವೇ ಆಡಳಿತ ಭಾಷೆಯಾಗಿರುವ ರಾಜ್ಯಕ್ಕಿಂತ ಈ ವಿಷಯದಲ್ಲಿ ಮುಂದಿವೆ. ಮಾತೃಭಾಷೆಯೊಂದೇ ತಾಯಿಯನ್ನು ಉಳಿಸುವುದಿಲ್ಲ. ಆಸ್ಪತ್ರೆ, ರಕ್ತನಿಧಿ, ವೈದ್ಯರು, ಹೆಣ್ಣುಮಕ್ಕಳ ಶಿಕ್ಷಣ ಇವುಗಳ ಮೇಲೆ ದಶಕಗಳ ಕಾಲ ಮಾಡಿದ ಸಾರ್ವಜನಿಕ ವೆಚ್ಚ ಉಳಿಸುತ್ತದೆ. ಅದೇ ಹೊತ್ತಿಗೆ, ರಾಜ್ಯದ ಸರಾಸರಿ ಗಡಿ ತಾಲ್ಲೂಕಿನ ಸ್ಥಿತಿಯನ್ನು ಹೇಳುವುದಿಲ್ಲ. ತಿರುವನಂತಪುರದ ಅಂಕಿಯೊಳಗೆ ಕಾಸರಗೋಡು, ಹೈದರಾಬಾದಿನ ಅಂಕಿಯೊಳಗೆ ಪಶ್ಚಿಮ ತೆಲಂಗಾಣ ಕರಗಿಹೋಗುತ್ತವೆ.

ಈಗ ಈ ಇತಿಹಾಸದ ಹೊಸ ಅಧ್ಯಾಯವೊಂದು ಆರಂಭವಾಗಿದೆ. ತೆಲಂಗಾಣ 2017ರಲ್ಲಿಯೇ ದಾದಿಯರಿಗೆ ವಿಶೇಷ ಸೂಲಗಿತ್ತಿ ತರಬೇತಿ ಆರಂಭಿಸಿತು. ಕೇಂದ್ರ ಸರ್ಕಾರ 2018ರ ಡಿಸೆಂಬರ್ ತಿಂಗಳಿನಲ್ಲಿ ಹೊರಡಿಸಿದ ಮಾರ್ಗಸೂಚಿ, ನೋಂದಾಯಿತ ದಾದಿಯರಿಗೆ ಹದಿನೆಂಟು ತಿಂಗಳ ತರಬೇತಿ ಕೊಟ್ಟು ಪ್ರತ್ಯೇಕ ಸೂಲಗಿತ್ತಿ ವರ್ಗವೊಂದನ್ನು ಕಟ್ಟುವ ಯೋಜನೆಯನ್ನು ಮುಂದಿಟ್ಟಿತು. 1947ರ ಕಾಯಿದೆಯ ಸ್ಥಾನದಲ್ಲಿ ರಾಷ್ಟ್ರೀಯ ದಾದಿ ಮತ್ತು ಸೂಲಗಿತ್ತಿ ಆಯೋಗದ ಕಾಯಿದೆ 2023ರಲ್ಲಿ ಬಂದಿದೆ. ಮಾರ್ಗಸೂಚಿ ಬಂದ ಅದೇ ಡಿಸೆಂಬರ್ ತಿಂಗಳ 25ರಂದು, ಮಡಕಶಿರಕ್ಕೆ ನೆರೆಯಾದ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ತೀರಿಕೊಂಡರು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದವರೆಂದು ಪ್ರಸಿದ್ಧರಾಗಿದ್ದ ಅವರಿಗೆ ಅದೇ ವರ್ಷ ಪದ್ಮಶ್ರೀ ದೊರೆತಿತ್ತು. ಯಾವ ಶಾಲೆಯ ಪ್ರಮಾಣಪತ್ರವೂ ಇಲ್ಲದವರಿಗೆ ರಾಷ್ಟ್ರದ ಗೌರವ ಸಂದಿತು. ಅವರು ಉಚಿತವಾಗಿ ಮಾಡಿದ ಕೆಲಸ ಸರ್ಕಾರದ ಖಾತೆಯಲ್ಲಿ ಎಂದೂ ಬರೆಯದ ಸಾರ್ವಜನಿಕ ವೆಚ್ಚವಾಗಿತ್ತು, ಭರಿಸಿದವರು ಅವರೊಬ್ಬರೇ.

ಹೊಸ ಪರವಾನಗಿಯನ್ನು ವಿರೋಧಿಸಲು ಈ ಇತಿಹಾಸ ಕಾರಣ ಕೊಡುವುದಿಲ್ಲ; ಅದಕ್ಕೆ ಮುಂಚಿತವಾಗಿ ಕೇಳಬೇಕಾದ ಪ್ರಶ್ನೆಗಳನ್ನು ಕೊಡುತ್ತದೆ. ತೊಡಕಾದಾಗ ಮೇಲಿನ ಆಸ್ಪತ್ರೆಗೆ ಸಾಗಿಸುವ ವೆಚ್ಚ ಯಾರದು? ತರಬೇತಿಯ ಹದಿನೆಂಟು ತಿಂಗಳಲ್ಲಿ ಬಡ ಮನೆಯ ದಾದಿಯ ಸಂಸಾರ ನಡೆಯುವುದು ಹೇಗೆ? ಸೂಲಗಿತ್ತಿಯೆಂದು ಕಲಿತವಳಿಗೆ ಸೂಲಗಿತ್ತಿಯ ಕೆಲಸವನ್ನೇ ಕೊಡುವ ಖಾತ್ರಿಯೇನು? ಮಂಗಳೂರಿನಲ್ಲಿ ಕಲಿತವಳು ಕಾಸರಗೋಡಿನಲ್ಲಿ, ಬಳ್ಳಾರಿಯಲ್ಲಿ ಕಲಿತವಳು ಆದೋನಿಯಲ್ಲಿ, ಚಾಮರಾಜನಗರದಲ್ಲಿ ಕಲಿತವಳು ತಾಳವಾಡಿಯಲ್ಲಿ ತಡೆಯಿಲ್ಲದೆ ಕೆಲಸ ಮಾಡಲು ಎರಡು ಪುಸ್ತಕಗಳ ನಡುವೆ ಬಾಗಿಲೊಂದು ಇರುವುದೇ? ಕನ್ನಡ ಬಲ್ಲ ಸೂಲಗಿತ್ತಿ ಕನ್ನಡದ ಊರಿಗೇ ನೇಮಕವಾಗುವಂತೆ ಹುದ್ದೆಯ ಪಟ್ಟಿಯಲ್ಲಿ ಭಾಷೆಗೊಂದು ಅಂಕಣ ದೊರೆಯುವುದೇ? ಇವುಗಳಲ್ಲಿ ಕೊನೆಯ ಎರಡಕ್ಕೆ ಹೆಚ್ಚಿನ ಹಣ ಬೇಕಿಲ್ಲ, ನೆನಪು ಬೇಕು: ಈ ಊರುಗಳೆಲ್ಲ ಒಂದೇ ಪುಸ್ತಕದಲ್ಲಿದ್ದ ಕಾಲವೊಂದಿತ್ತೆಂಬ ನೆನಪು. ಉಳಿದವುಗಳಿಗೆ ಹಣವೇ ಬೇಕು. ಅದನ್ನು ಆಯವ್ಯಯದಲ್ಲಿ ಬಹಿರಂಗವಾಗಿ ಬರೆಯದಿದ್ದರೆ, ಹಿಂದಿನಂತೆಯೇ, ಗಡಿಯಂಚಿನ ಬಾಣಂತಿಯ ಮನೆ ಅದನ್ನು ಸದ್ದಿಲ್ಲದೆ ತೆರುತ್ತಿರುತ್ತದೆ.